ಎಸ್‌ಟಿಪಿಯಲ್ಲಿ ಅಮೋನಿಯಾ ಇಳಿಯದಿದ್ದಾಗ: ಮಲೆನಾಡಿನ ಮೆದು ನೀರಿಗೆ ಹೊಂದುವ ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದ ವಸತಿ ಸಮುಚ್ಚಯ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಲ್ಲೂ ತೀರ್ಥಹಳ್ಳಿ, ಆಗುಂಬೆ, ಕೊಪ್ಪದ ಕಡೆಯ ರೆಸಾರ್ಟುಗಳಲ್ಲೂ ಸಣ್ಣ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಡೆಸುವವರಿಗೆ ಪದೇ ಪದೇ ಎದುರಾಗುವ ದೂರು ಒಂದಿದೆ. ಬಿಒಡಿ (ನೀರಿನ ಸಾವಯವ ಕೊಳೆ ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ಸರಿಯಾಗಿರುತ್ತದೆ, ಹೊರಬರುವ ನೀರು ತಿಳಿಯಾಗಿರುತ್ತದೆ, ಆದರೂ ಪ್ರಯೋಗಾಲಯದ ವರದಿಯಲ್ಲಿ ಅಮೋನಿಯಾ ಮಿತಿ ಮೀರಿರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಅಮೋನಿಯಾ ಸಾರಜನಕಕ್ಕೆ ಲೀಟರಿಗೆ 5 ಮಿಲಿಗ್ರಾಂ, ಒಟ್ಟು ಸಾರಜನಕಕ್ಕೆ 10 ಮಿಲಿಗ್ರಾಂ ಎಂಬ ಷರತ್ತು ಇರುವ ಕಡೆ ಈ ವರದಿ ಬಂದ ಮರುದಿನವೇ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಓಡುವ ಗಂಟೆಗಳನ್ನು ಹೆಚ್ಚಿಸುವುದು ರೂಢಿಯಾಗಿಬಿಟ್ಟಿದೆ. ಮಲೆನಾಡಿನ ನೀರಿನ ಮಟ್ಟಿಗೆ ಇದು ಬಹಳ ಸಲ ತಪ್ಪು ಹೆಜ್ಜೆಯೇ ಆಗುತ್ತದೆ. ಇಲ್ಲಿ ಬ್ಲೋವರಿಗೆ ಕೈ ಹಾಕುವ ಮೊದಲು ಅಳೆಯಬೇಕಾದದ್ದು ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಯನ್ನು. ಏಕೆ ಎಂಬುದನ್ನೂ, ಕ್ಷಾರತೆ ಸರಿಯಿದ್ದರೆ ಮುಂದೆ ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನೂ ಈ ಕೈಪಿಡಿ ವಿವರಿಸುತ್ತದೆ.

ಕೆಲಸ ನಡೆಯುವ ಬಗೆ

ಸಾರಜನಕ ನೀರಿನಿಂದ ಹೊರಹೋಗುವುದು ಎರಡು ಹಂತಗಳಲ್ಲಿ. ಗಾಳಿ ಇರುವ ತೊಟ್ಟಿಯಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪಿನವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ, ಇದು ನೈಟ್ರೀಕರಣ. ಗಾಳಿ ಇಲ್ಲದ, ಆದರೆ ನೈಟ್ರೇಟ್ ಇರುವ ಅನಾಕ್ಸಿಕ್ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಕೊಳಚೆಯ ಸಾವಯವ ಪದಾರ್ಥವನ್ನು ಆಹಾರವಾಗಿ ತಿಂದು, ಉಸಿರಾಟಕ್ಕೆ ನೈಟ್ರೇಟಿನ ಆಮ್ಲಜನಕವನ್ನು ಬಳಸಿ, ಉಳಿದ ಸಾರಜನಕವನ್ನು ಅನಿಲವಾಗಿ ಬಿಡುತ್ತವೆ, ಇದು ವಿನೈಟ್ರೀಕರಣ. ನೈಟ್ರೀಕರಣದ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೇ ರಷ್ಯದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದರು. ಅವು ನಿಧಾನವಾಗಿ ಬೆಳೆಯುತ್ತವೆ, ಬೇಗ ಮುನಿಯುತ್ತವೆ. ಈ ಕೆಲಸದಲ್ಲಿರುವವರ ತಲೆನೋವೆಲ್ಲ ಈ ಎರಡು ಗುಣಗಳಿಂದ ಬಂದದ್ದು.

ಲೆಕ್ಕಕ್ಕೆ ಬೇಕಾದ ಸಂಖ್ಯೆಗಳು ಹೆಚ್ಚಿಲ್ಲ. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು, ಜೊತೆಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂ ಕ್ಷಾರತೆ ಖರ್ಚಾಗುತ್ತದೆ. 1 ಗ್ರಾಂ ನೈಟ್ರೇಟ್ ಸಾರಜನಕ ಅನಿಲವಾದಾಗ ಅದರಲ್ಲಿ ಸರಿಯಾಗಿ ಅರ್ಧ, ಅಂದರೆ 3.57 ಗ್ರಾಂ ಕ್ಷಾರತೆ ಮರಳಿ ಸಿಗುತ್ತದೆ.

ವರದಿಯನ್ನು ನಂಬುವ ಮೊದಲು

ಮೊದಲು ವರದಿಯ ಏಕಮಾನವನ್ನು ನೋಡಬೇಕು. ಅಮೋನಿಯಾವನ್ನು ಸಾರಜನಕದ ಲೆಕ್ಕದಲ್ಲಿ ಬರೆದಿದ್ದಾರೆಯೇ, ಅಮೋನಿಯಂ ಲೆಕ್ಕದಲ್ಲಿ ಬರೆದಿದ್ದಾರೆಯೇ ಎಂಬುದರಿಂದ ಸಂಖ್ಯೆ 1.29 ಪಟ್ಟು ಬದಲಾಗುತ್ತದೆ. ನೈಟ್ರೇಟಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು, 4.43 ಪಟ್ಟು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿರುವ 45 ಮಿಲಿಗ್ರಾಂ ನೈಟ್ರೇಟ್ ಎಂಬ ಮಿತಿ ಸಾರಜನಕದ ಲೆಕ್ಕದಲ್ಲಿ ಸುಮಾರು 10 ಮಾತ್ರ. ನೈಟ್ರೇಟ್ 40 ಎಂದು ಕಂಡ ತಕ್ಷಣ ಘಟಕ ಕೆಟ್ಟಿದೆ ಎಂದು ಗುತ್ತಿಗೆದಾರರ ಮೇಲೆ ಕೂಗಾಡುವ ಮುನ್ನ ಈ ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು ಮಾದರಿಯ ಪ್ರಯಾಣ. ಬೆಳಿಗ್ಗೆ ತುಂಬಿದ ಬಾಟಲಿ ಮಂಜುಗಡ್ಡೆ ಇಲ್ಲದೆ ಬಸ್ಸಿನ ಡಿಕ್ಕಿಯಲ್ಲಿ ಕೂತು ಸಂಜೆ ಪ್ರಯೋಗಾಲಯ ತಲುಪಿದರೆ, ದಾರಿಯುದ್ದಕ್ಕೂ ಬ್ಯಾಕ್ಟೀರಿಯಾಗಳು ಕೆಲಸ ಮುಂದುವರಿಸಿರುತ್ತವೆ. ಅಮೋನಿಯಾಕ್ಕಾಗಿ ತೆಗೆದ ಮಾದರಿಯನ್ನು ಗಂಧಕಾಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ, 4 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿಡಬೇಕು. ಕ್ಷಾರತೆ ಮತ್ತು ನೈಟ್ರೈಟಿಗೆ ಆಮ್ಲ ಹಾಕದ ಬೇರೆ ಬಾಟಲಿ ಬೇಕು. ಎಲ್ಲಕ್ಕೂ ಒಂದೇ ಬಾಟಲಿ ಕಳಿಸಿದ್ದರೆ ಆ ವರದಿಯ ಮೇಲೆ ತೀರ್ಮಾನ ಕಟ್ಟಬಾರದು.

ಮೂರನ್ನೂ ಒಟ್ಟಿಗೆ ಓದುವುದು

ಅಮೋನಿಯಾ ಒಂದನ್ನೇ ನೋಡಿದರೆ ದೋಷ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರೂ ಒಂದೇ ದಿನದ ಮಾದರಿಯಿಂದ ಬೇಕು. ಅಮೋನಿಯಾ ಹೆಚ್ಚಿದ್ದು ನೈಟ್ರೇಟ್ ಇಲ್ಲವೇ ಇಲ್ಲ ಎನ್ನುವಷ್ಟಿದ್ದರೆ ನೈಟ್ರೀಕರಣ ನಿಂತಿದೆ ಅಥವಾ ಶುರುವಾಗಿಯೇ ಇಲ್ಲ. ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿದ್ದು ನೈಟ್ರೇಟ್ ಸಾರಜನಕ 20 ದಾಟಿದ್ದರೆ ಗಾಳಿಯ ತೊಟ್ಟಿ ಚೆನ್ನಾಗಿದೆ, ದೋಷ ಅನಾಕ್ಸಿಕ್ ತೊಟ್ಟಿಯಲ್ಲೋ, ಗಾಳಿಯ ತೊಟ್ಟಿಯ ನೀರನ್ನು ಅದಕ್ಕೆ ಹಿಂದಿರುಗಿಸುವ ಮರುಚಾಲನೆಯ ಪಂಪಿನಲ್ಲೋ ಇದೆ. ನೈಟ್ರೈಟ್ 1 ಮಿಲಿಗ್ರಾಂ ಮೀರಿ ನಿಂತಿದ್ದರೆ ಕೆಲಸ ಅರ್ಧದಲ್ಲಿ ಸಿಕ್ಕಿಬಿದ್ದಿದೆ. ಸ್ಲಜ್ (ಬ್ಯಾಕ್ಟೀರಿಯಾಗಳಿರುವ ಕೆಸರು) ಎಳೆಯದಾಗಿರುವಾಗ, ಆಮ್ಲಜನಕ ಸಾಲದಾದಾಗ, ಅಥವಾ ಪೆಟ್ಟು ತಿಂದ ಘಟಕ ಚೇತರಿಸಿಕೊಳ್ಳುತ್ತಿರುವಾಗ ಹೀಗಾಗುತ್ತದೆ.

ಮಲೆನಾಡಿನಲ್ಲಿ ಹೆಚ್ಚು ಕಾಣುವುದು ಈ ಮೂರಕ್ಕೂ ಪೂರ್ತಿ ಹೊಂದದ ಚಿತ್ರ. ಅಮೋನಿಯಾ 15ರಿಂದ 20, ನೈಟ್ರೇಟ್ ಕೂಡ ಅಷ್ಟೇ, ಗಾಳಿಯ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ 4 ಅಥವಾ 5. ಗಾಳಿ ಬೇಕಾದಷ್ಟಿದೆ, ಬ್ಯಾಕ್ಟೀರಿಯಾ ಇರುವುದಕ್ಕೆ ನೈಟ್ರೇಟೇ ಸಾಕ್ಷಿ, ಆದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಈ ಚಿತ್ರ ಕಂಡರೆ ಬೇರೆ ಯಾವುದನ್ನೂ ಮುಟ್ಟದೆ ಕ್ಷಾರತೆ ಅಳೆಯಬೇಕು.

ಕ್ಷಾರತೆಯ ಆಯವ್ಯಯ

ಪಶ್ಚಿಮ ಘಟ್ಟದ ಮಳೆಯಿಂದ ತುಂಬುವ ತುಂಗೆಯ ನೀರು ಮೆದು. ಜಂಬಿಟ್ಟಿಗೆಯ ನೆಲದ ತೆರೆದ ಬಾವಿಗಳ ನೀರಂತೂ ಕೆಲವು ಕಡೆ ತುಸು ಹುಳಿಯತ್ತಲೇ ವಾಲಿರುತ್ತದೆ. ಸೋಪಿನ ನೊರೆ ಬೇಗ ಬರುವುದಕ್ಕೂ ಬಾಯ್ಲರಿನಲ್ಲಿ ಪೊರೆ ಕಟ್ಟದಿರುವುದಕ್ಕೂ ಈ ಗುಣ ಅನುಕೂಲ, ಆದರೆ ನೈಟ್ರೀಕರಣಕ್ಕೆ ಇದೇ ಕೊರತೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿಗೆ ವಿನ್ಯಾಸವಾದ ಘಟಕದ ನಕ್ಷೆಯನ್ನೇ ಇಲ್ಲಿಗೆ ತಂದು ಕಟ್ಟಿದಾಗ ಈ ಕೊರತೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಉದಾಹರಣೆಗೆ ನಲ್ಲಿ ನೀರಿನ ಕ್ಷಾರತೆ ಲೀಟರಿಗೆ 30 ಮಿಲಿಗ್ರಾಂ ಎಂದುಕೊಳ್ಳೋಣ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುವಾಗ ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ 3.57 ಮಿಲಿಗ್ರಾಂ ಕ್ಷಾರತೆ ಹುಟ್ಟುತ್ತದೆ. ಕೊಳಚೆಯಲ್ಲಿ 45 ಮಿಲಿಗ್ರಾಂ ಸಾರಜನಕವಿದ್ದರೆ ಅದರಿಂದ ಸುಮಾರು 160 ಬರುತ್ತದೆ. ಒಟ್ಟು ಜಮೆ 190. ಐದು ಮಿಲಿಗ್ರಾಂ ಬ್ಯಾಕ್ಟೀರಿಯಾಗಳ ಮೈಗೆ ಸೇರಿ, ಉಳಿದ 40 ಮಿಲಿಗ್ರಾಂ ನೈಟ್ರೇಟ್ ಆಗಬೇಕಾದರೆ 286 ಬೇಕು. ಕ್ಷಾರತೆ 50ರ ಕೆಳಗಿಳಿದರೆ ಪಿಎಚ್ ಜಾರಲು ಶುರುವಾಗಿ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ, ಆದ್ದರಿಂದ ಖರ್ಚು ಮಾಡಲು ಸಿಗುವುದು 140 ಮಾತ್ರ. ಅದನ್ನು 7.14ರಿಂದ ಭಾಗಿಸಿದರೆ ಸುಮಾರು 20 ಮಿಲಿಗ್ರಾಂ. ಅಂದರೆ ಎಷ್ಟೇ ಗಾಳಿ ಊದಿದರೂ ಅರ್ಧ ಅಮೋನಿಯಾ ಹಾಗೆಯೇ ಉಳಿಯುತ್ತದೆ. ವರದಿಯಲ್ಲಿ ಕಾಣುವ 20 ಮತ್ತು 20ರ ಚಿತ್ರಕ್ಕೆ ಕಾರಣ ಇದೇ.

ಈಗ ವಿನೈಟ್ರೀಕರಣವನ್ನೂ ಲೆಕ್ಕಕ್ಕೆ ಸೇರಿಸಬೇಕು. 28 ಮಿಲಿಗ್ರಾಂ ನೈಟ್ರೇಟ್ ಅನಿಲವಾದರೆ 100 ಮಿಲಿಗ್ರಾಂ ಕ್ಷಾರತೆ ಮರಳುತ್ತದೆ. 190ಕ್ಕೆ ಇದು ಸೇರಿ 290, ಖರ್ಚು 286. ಲೆಕ್ಕ ಅಂತೂ ಸರಿದೂಗುತ್ತದೆ, ಕೈಯಲ್ಲಿ ಉಳಿಯುವುದು ಮಾತ್ರ ಬರೀ 4. ಮೆದು ನೀರಿನ ಊರಿನಲ್ಲಿ ಅನಾಕ್ಸಿಕ್ ತೊಟ್ಟಿ ನೈಟ್ರೇಟ್ ತೆಗೆಯುವುದಕ್ಕಷ್ಟೇ ಇರುವುದಲ್ಲ, ಮುಂದಿನ ತೊಟ್ಟಿಯ ನೈಟ್ರೀಕರಣಕ್ಕೆ ಬಂಡವಾಳ ಒದಗಿಸುವುದೂ ಅದೇ. ಇದು ಗೊತ್ತಿಲ್ಲದೆ ಬ್ಲೋವರನ್ನು ಜೋರು ಮಾಡಿದಾಗ ಆಗುವುದೇನೆಂದರೆ, ಮರುಚಾಲನೆಯ ನೀರಿನೊಂದಿಗೆ ಹೆಚ್ಚುವರಿ ಆಮ್ಲಜನಕ ಅನಾಕ್ಸಿಕ್ ತೊಟ್ಟಿಗೆ ನುಗ್ಗುತ್ತದೆ, ಅಲ್ಲಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಿಟ್ಟು ಆ ಆಮ್ಲಜನಕವನ್ನೇ ಬಳಸುತ್ತವೆ, ಕ್ಷಾರತೆ ಮರಳುವುದು ಕಡಿಮೆಯಾಗುತ್ತದೆ, ಪಿಎಚ್ ಇನ್ನೂ ಇಳಿಯುತ್ತದೆ, ಅಮೋನಿಯಾ ಮತ್ತೆ ಏರುತ್ತದೆ. ಅದನ್ನು ಕಂಡು ಬ್ಲೋವರನ್ನು ಇನ್ನಷ್ಟು ಹೊತ್ತು ಓಡಿಸಿದರೆ ವಿದ್ಯುತ್ ಬಿಲ್ಲು ಮಾತ್ರ ಬೆಳೆಯುತ್ತದೆ.

ಕ್ಷಾರತೆ ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗಾಳಿಯ ತೊಟ್ಟಿಯ ಕೊನೆಯಿಂದ ಒಂದು ಬಕೆಟ್ ನೀರು ತೆಗೆದು ಸ್ಲಜ್ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಸೋಸಿ 100 ಮಿಲಿಲೀಟರ್ ಅಳೆದುಕೊಳ್ಳಬೇಕು. ಅದಕ್ಕೆ ಮೀಥೈಲ್ ಆರೆಂಜಿನ ಎರಡು ಹನಿ ಹಾಕಿದರೆ ಹಳದಿಯಾಗುತ್ತದೆ. ಬ್ಯುರೆಟ್ಟಿನಿಂದ 0.02 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡುತ್ತ ಹಳದಿ ಕಿತ್ತಳೆಗೆ ತಿರುಗುವ ಕ್ಷಣದಲ್ಲಿ ನಿಲ್ಲಿಸಿ, ಖರ್ಚಾದ ಮಿಲಿಲೀಟರನ್ನು 10ರಿಂದ ಗುಣಿಸಿದರೆ ಕ್ಷಾರತೆ ಸಿಗುತ್ತದೆ. ಎಂಟು ಮಿಲಿಲೀಟರ್ ಹಿಡಿದರೆ 80, ನೆಮ್ಮದಿಯಾಗಿರಬಹುದು. ಮೂರೇ ಮಿಲಿಲೀಟರಿಗೆ ಬಣ್ಣ ತಿರುಗಿದರೆ ದೋಷ ಸಿಕ್ಕಿದಂತೆ. ಪಿಎಚ್ ಮೀಟರ್ ಒಂದನ್ನೇ ನೆಚ್ಚಿಕೊಂಡರೆ ಸಾಲದು: ಜೋರು ಗಾಳಿ ಇಂಗಾಲದ ಡೈಆಕ್ಸೈಡನ್ನು ಹೊರದೂಡುವುದರಿಂದ ಕ್ಷಾರತೆ ಕರಗುತ್ತ ಬಂದರೂ ಪಿಎಚ್ ಬಹಳ ಹೊತ್ತು 7ರ ಸುತ್ತಲೇ ನಿಂತಿದ್ದು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ.

ನೀರಿನ ಮೂಲ ಬದಲಾದ ದಿನಾಂಕವನ್ನೂ ಕೇಳಿ ತಿಳಿಯಬೇಕು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಬಳಸಿ, ಜೂನ್ ಬಂದೊಡನೆ ನದಿ ನೀರಿಗೋ ಚಾವಣಿಯ ಮಳೆನೀರಿಗೋ ಹೊರಳುವ ಕಟ್ಟಡಗಳಲ್ಲಿ, ಘಟಕದೊಳಗೆ ಯಾರೂ ಏನನ್ನೂ ಬದಲಿಸದೆ ಇದ್ದರೂ ಅಮೋನಿಯಾ ಏರುವುದಕ್ಕೆ ಇದೊಂದೇ ಕಾರಣ ಸಾಕು.

ಗಾಳಿ

ಕ್ಷಾರತೆ 70ರ ಮೇಲಿದ್ದೂ ಅಮೋನಿಯಾ ಇಳಿಯದಿದ್ದರೆ ಮಾತ್ರ ಗಾಳಿಯ ಕಡೆ ತಿರುಗಬೇಕು. ಕರಗಿದ ಆಮ್ಲಜನಕವನ್ನು ಬೆಳಿಗ್ಗೆ ಎಲ್ಲರೂ ಸ್ನಾನ ಮುಗಿಸುವ ಹೊತ್ತಿನಲ್ಲಿ, ತೊಟ್ಟಿಯ ಒಳಬರುವ ತುದಿ, ನಡು, ಹೊರಹೋಗುವ ತುದಿ ಮೂರು ಕಡೆಯೂ ನೋಡಬೇಕು. ನಡುಮಧ್ಯಾಹ್ನದ ಒಂದು ಅಂಕಿಯಿಂದ ಏನೂ ತಿಳಿಯುವುದಿಲ್ಲ. 2 ಮಿಲಿಗ್ರಾಂ ಇದ್ದರೆ ಸಾಕು. ಮೇಲ್ಮೈಯಲ್ಲಿ ಒಂದೆಡೆ ನೀರು ಕುದಿಯುವಂತೆ ಉಕ್ಕುತ್ತ ಇನ್ನೊಂದೆಡೆ ಸುಮ್ಮನಿದ್ದರೆ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಡಿಫ್ಯೂಸರಿನ ಪೊರೆ ಹರಿದಿದೆ ಅಥವಾ ಕಟ್ಟಿಕೊಂಡಿದೆ.

ಮಳೆಗಾಲ ಮತ್ತು ಸ್ಲಜ್ಜಿನ ವಯಸ್ಸು

ಇಲ್ಲಿ ಚಳಿಯನ್ನು ದೂರುವುದರಲ್ಲಿ ಅರ್ಥ ಕಡಿಮೆ. ಪುಸ್ತಕಗಳಲ್ಲಿ ಹೇಳುವ ಚಳಿಗಾಲದ ನೈಟ್ರೀಕರಣದ ಕಷ್ಟ ನೀರು 10 ಡಿಗ್ರಿಗೆ ಇಳಿಯುವ ದೇಶಗಳದ್ದು; ಮಲೆನಾಡಿನ ಕೊಳಚೆ ನೀರು ಡಿಸೆಂಬರಿನಲ್ಲೂ ಅಷ್ಟು ತಣ್ಣಗಾಗುವುದಿಲ್ಲ. ನಮ್ಮಲ್ಲಿ ಬ್ಯಾಕ್ಟೀರಿಯಾ ಕಳೆದುಹೋಗುವುದು ಮಳೆಯಿಂದ. ಚಾವಣಿಯ ಕೊಳವೆಯನ್ನು ಒಳಚರಂಡಿಯ ಚೇಂಬರಿಗೆ ತಿರುಗಿಸಿದ ಒಂದು ಕಟ್ಟಡ ಸಾಕು, ರಾತ್ರಿಯ ಮಳೆಗೆ ಸ್ಲಜ್ ತಂಗುವ ತೊಟ್ಟಿ (ಕ್ಲ್ಯಾರಿಫೈಯರ್) ಉಕ್ಕಿ ಸ್ಲಜ್ ಹೊರಗೆ ಹರಿಯುತ್ತದೆ.

ದಿನಕ್ಕೆ 100 ಘನ ಮೀಟರ್ ಸಾಮರ್ಥ್ಯದ, 60 ಘನ ಮೀಟರ್ ಗಾಳಿ ತೊಟ್ಟಿಯ ಘಟಕದಲ್ಲಿ ಎಂಎಲ್‌ಎಸ್‌ಎಸ್ (ತೊಟ್ಟಿಯ ನೀರಿನಲ್ಲಿರುವ ಸ್ಲಜ್ಜಿನ ಪ್ರಮಾಣ) ಲೀಟರಿಗೆ 3500 ಮಿಲಿಗ್ರಾಂ ಇದ್ದರೆ ಒಳಗಿರುವುದು 210 ಕೆಜಿ ಸ್ಲಜ್. ದಿನಕ್ಕೆ 15 ಕೆಜಿ ತೆಗೆದು 1 ಕೆಜಿ ನೀರಿನೊಂದಿಗೆ ಹೋದರೆ ಸ್ಲಜ್ಜಿನ ವಯಸ್ಸು ಸುಮಾರು 13 ದಿನ. ಇಲ್ಲಿಯ ಉಷ್ಣತೆಗೆ ಇದು ಸಾಕು. ಆದರೆ ಮಳೆಯ ರಾತ್ರಿ ಲೀಟರಿಗೆ 300 ಮಿಲಿಗ್ರಾಂ ಸ್ಲಜ್ ಹೊತ್ತು 100 ಘನ ಮೀಟರ್ ನೀರು ಹರಿದರೆ 30 ಕೆಜಿ ಹೋದಂತೆ, ಅಂದರೆ ಎರಡು ದಿನಗಳ ಲೆಕ್ಕ ಒಂದೇ ರಾತ್ರಿಗೆ. ಅದು ಗೊತ್ತಿಲ್ಲದ ನಿರ್ವಾಹಕ ಎಂದಿನಂತೆ 15 ಕೆಜಿ ತೆಗೆಯುತ್ತಲೇ ಹೋದರೆ ಕೆಲವೇ ವಾರಗಳಲ್ಲಿ ಬಿಒಡಿ ತಿನ್ನುವ ಬ್ಯಾಕ್ಟೀರಿಯಾ ಉಳಿದು, ನಿಧಾನವಾಗಿ ಬೆಳೆಯುವ ನೈಟ್ರೀಕರಣದವು ಖಾಲಿಯಾಗುತ್ತವೆ. ಆಗ ನೀರು ತಿಳಿಯಾಗಿಯೇ ಕಾಣುತ್ತದೆ, ದೋಷ ಕಣ್ಣಿಗೆ ಬೀಳುವುದಿಲ್ಲ.

ವಿದ್ಯಾರ್ಥಿನಿಲಯಗಳದ್ದು ಇದರ ಇನ್ನೊಂದು ರೂಪ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಆಹಾರವಿಲ್ಲದೆ ಸೊರಗಿದ ಬ್ಯಾಕ್ಟೀರಿಯಾಗಳ ಮೇಲೆ ಜೂನಿನಲ್ಲಿ ಪೂರ್ತಿ ಹೊರೆ ಒಮ್ಮೆಗೇ ಬೀಳುತ್ತದೆ, ಅದೇ ಹೊತ್ತಿಗೆ ಮಳೆಯೂ ಹಿಡಿಯುತ್ತದೆ. ರಜೆಯಲ್ಲಿ ಸ್ಲಜ್ ತೆಗೆಯುವುದನ್ನು ನಿಲ್ಲಿಸಿ, ಗಾಳಿಯನ್ನು ಕಡಿಮೆ ಹೊತ್ತು ಕೊಡುತ್ತ ಇರುವುದೇ ಇದಕ್ಕೆ ಮುನ್ನೆಚ್ಚರಿಕೆ.

ಚೊಗರು, ಬ್ಲೀಚಿಂಗ್ ಪುಡಿ, ಫಿನಾಯಿಲ್

ಅಡಿಕೆ ಸುಗ್ಗಿಯಲ್ಲಿ ಒಳಬರುವ ನೀರಿನ ಬಣ್ಣವನ್ನೂ ಗಮನಿಸಬೇಕು. ಬೇಯಿಸಿದ ಅಡಿಕೆಯ ಚೊಗರು, ಹಂಡೆ ತೊಳೆದ ನೀರು ಒಳಚರಂಡಿಗೆ ಸೇರಿದರೆ ಕೊಳಚೆ ಕೆಂಪು ಮಿಶ್ರಿತ ಕಂದಾಗುತ್ತದೆ. ಅದರಲ್ಲಿರುವ ಟ್ಯಾನಿನ್‌ನಂಥ ಫೀನಾಲಿಕ್ ಪದಾರ್ಥಗಳು ನೈಟ್ರೀಕರಣವನ್ನು ತಡೆಯುತ್ತವೆ, ಸಾಲದ್ದಕ್ಕೆ ಬಣ್ಣ ನೋಡಿ ಅಮೋನಿಯಾ ಅಳೆಯುವ ಕಿಟ್ಟನ್ನೂ ದಾರಿ ತಪ್ಪಿಸುತ್ತವೆ. ಆಸ್ಪತ್ರೆ, ಹೋಟೆಲುಗಳಲ್ಲಿ ನೆಲ ಒರೆಸುವ ಕ್ರಿಮಿನಾಶಕಗಳೂ ತೊಟ್ಟಿ ತೊಳೆದು ಸುರಿದ ಬ್ಲೀಚಿಂಗ್ ಪುಡಿಯೂ ಇದೇ ಕೆಲಸ ಮಾಡುತ್ತವೆ.

ವಿಷವೋ, ಕ್ಷಾರತೆಯ ಕೊರತೆಯೋ, ಬ್ಯಾಕ್ಟೀರಿಯಾ ಇಲ್ಲದಿರುವುದೋ ಎಂಬುದನ್ನು ಮೂರು ಬಕೆಟ್ ಮತ್ತು ಮೀನಿನ ತೊಟ್ಟಿಗೆ ಬಳಸುವ ಗಾಳಿ ಪಂಪಿನಿಂದ ಒಂದು ಬೆಳಗಿನಲ್ಲಿ ಬೇರ್ಪಡಿಸಬಹುದು. ಮೊದಲ ಬಕೆಟಿನಲ್ಲಿ ಗಾಳಿ ತೊಟ್ಟಿಯಿಂದ ತೆಗೆದ 4 ಲೀಟರ್ ಮಿಶ್ರಣ ಹಾಗೆಯೇ ಇರಲಿ. ಎರಡನೆಯದರಲ್ಲಿ ಅದೇ 4 ಲೀಟರಿಗೆ 1.2 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಕರಗಿಸಬೇಕು. ಮೂರನೆಯದಕ್ಕೆ ಅಷ್ಟೇ ಮಿಶ್ರಣವನ್ನು ತಂಗಿಸಿ ಮೇಲಿನ ನೀರು ಚೆಲ್ಲಿ, ಕ್ಲೋರಿನ್ ಇಲ್ಲದ ಶುದ್ಧ ನೀರಿನಿಂದ ಎರಡು ಸಲ ತೊಳೆದು ಮತ್ತೆ 4 ಲೀಟರಿಗೆ ತುಂಬಿ, 0.3 ಗ್ರಾಂ ಅಮೋನಿಯಂ ಕ್ಲೋರೈಡನ್ನೂ 1.2 ಗ್ರಾಂ ಅಡುಗೆ ಸೋಡಾವನ್ನೂ ಹಾಕಬೇಕು. ಮೂರಕ್ಕೂ ಗಾಳಿ ಬಿಟ್ಟು ಪ್ರತಿ ಗಂಟೆಗೆ ಅಮೋನಿಯಾ ಅಳೆದರೆ ನಾಲ್ಕು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಆರೋಗ್ಯವಾಗಿರುವ ಸ್ಲಜ್ ಗಂಟೆಗೆ 2ರಿಂದ 4 ಮಿಲಿಗ್ರಾಂ ಇಳಿಸುತ್ತದೆ. ಎರಡು ಮತ್ತು ಮೂರನೆಯದರಲ್ಲಿ ಇಳಿದು ಮೊದಲನೆಯದರಲ್ಲಿ ಇಳಿಯದಿದ್ದರೆ ಕೊರತೆ ಕ್ಷಾರತೆಯದು. ಮೂರನೆಯದರಲ್ಲಿ ಮಾತ್ರ ಇಳಿದರೆ ಕೊಳಚೆ ನೀರಿನಲ್ಲೇ ಏನೋ ತಡೆಯುತ್ತಿದೆ. ಮೂರರಲ್ಲೂ ಸಮನಾಗಿ ಇಳಿದರೆ ಬ್ಯಾಕ್ಟೀರಿಯಾ ಚೆನ್ನಾಗಿವೆ, ತೊಟ್ಟಿಯಲ್ಲಿ ಅವಕ್ಕೆ ಗಾಳಿಯೋ ಸಮಯವೋ ಸಾಲುತ್ತಿಲ್ಲ. ಯಾವುದರಲ್ಲೂ ಇಳಿಯದಿದ್ದರೆ ಸ್ಲಜ್ಜಿನಲ್ಲಿ ನೈಟ್ರೀಕರಣದ ಬ್ಯಾಕ್ಟೀರಿಯಾಗಳೇ ಇಲ್ಲ ಅಥವಾ ಸತ್ತಿವೆ.

ನೈಟ್ರೇಟ್ ಉಳಿದರೆ

ಅನಾಕ್ಸಿಕ್ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ 0.2ರ ಆಸುಪಾಸಿನಲ್ಲಿರಬೇಕು. ಸಣ್ಣ ಘಟಕಗಳಲ್ಲಿ ಮಿಕ್ಸರ್ ಕೆಟ್ಟಾಗ ಅದರ ಬದಲಿಗೆ ಗಾಳಿಯ ಕೊಳವೆಯನ್ನೇ ಇಳಿಬಿಟ್ಟು ಕದಡುವುದುಂಟು. ಹಾಗೆ ಮಾಡಿದ ದಿನದಿಂದ ಅದು ಅನಾಕ್ಸಿಕ್ ತೊಟ್ಟಿಯಾಗಿ ಉಳಿಯುವುದಿಲ್ಲ. ಮರುಚಾಲನೆಯ ನೀರು ಎತ್ತರದಿಂದ ಜಲಪಾತದಂತೆ ಬೀಳುತ್ತಿದ್ದರೆ ಕೊಳವೆಯ ತುದಿಯನ್ನು ನೀರಿನೊಳಗೆ ಮುಳುಗಿಸಬೇಕು.

ಮರುಚಾಲನೆಯ ಪ್ರಮಾಣಕ್ಕೂ ಮಿತಿ ಇದೆ. ಒಳಬರುವ ನೀರಿನ ಮೂರು ಪಟ್ಟು ನೀರು, ಮರಳುವ ಸ್ಲಜ್ಜನ್ನೂ ಸೇರಿಸಿ, ಹಿಂದಕ್ಕೆ ಬಂದರೆ ಹೆಚ್ಚೆಂದರೆ ನಾಲ್ಕರಲ್ಲಿ ಮೂರು ಪಾಲು ನೈಟ್ರೇಟ್ ತೆಗೆಯಬಹುದು. ಆ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಪ್ರತಿ ಲೀಟರ್ ಕೊಳಚೆಗೆ 15 ಮಿಲಿಗ್ರಾಂ ಹಿಂದೆ ಬಂದಂತೆ; 2.86 ಮಿಲಿಗ್ರಾಂ ಆಮ್ಲಜನಕ 1 ಮಿಲಿಗ್ರಾಂ ನೈಟ್ರೇಟ್ ಸಾರಜನಕಕ್ಕೆ ಸಮವಾದ್ದರಿಂದ 5 ಮಿಲಿಗ್ರಾಂ ನೈಟ್ರೇಟ್ ಹೊರಹೋಗದೆ ಉಳಿಯುತ್ತದೆ, ಅದರ ಜೊತೆಗೆ 18 ಮಿಲಿಗ್ರಾಂ ಕ್ಷಾರತೆಯೂ ನಷ್ಟ. ತೊಟ್ಟಿಯ ಕೊನೆಯ ಭಾಗದ ಗಾಳಿಯ ವಾಲ್ವನ್ನು ತುಸು ಮುಚ್ಚಿದರೆ ಇದು ತಪ್ಪುತ್ತದೆ.

ಎಲ್ಲ ಸರಿಯಿದ್ದೂ ನೈಟ್ರೇಟ್ ಇಳಿಯದಿದ್ದರೆ ಆಹಾರದ ಕೊರತೆ ಇರಬೇಕು. 1 ಗ್ರಾಂ ನೈಟ್ರೇಟ್ ಸಾರಜನಕಕ್ಕೆ ಸಿಒಡಿ ಲೆಕ್ಕದಲ್ಲಿ (ಸಾವಯವ ಪದಾರ್ಥವನ್ನು ಆಮ್ಲಜನಕದಲ್ಲಿ ಅಳೆಯುವ ಲೆಕ್ಕ) 5 ಗ್ರಾಂನಷ್ಟು ಸುಲಭವಾಗಿ ಜೀರ್ಣವಾಗುವ ಆಹಾರ ಬೇಕು. ಮನೆಮನೆಯ ಸೆಪ್ಟಿಕ್ ಟ್ಯಾಂಕಿನಿಂದ ಸೋಸಿ ಬರುವ ನೀರಿನಲ್ಲಿ, ಅಥವಾ ಅಡುಗೆಮನೆಯ ನೀರು ಸೇರದ ಕಟ್ಟಡಗಳಲ್ಲಿ ಅದು ಸಿಗುವುದಿಲ್ಲ. ಅಡುಗೆಮನೆಯ ನೀರನ್ನು ಜಿಡ್ಡು ತೆಗೆದು ಸೇರಿಸುವುದು ಒಳ್ಳೆಯ ಪರಿಹಾರ. ಆಗದಿದ್ದರೆ ಬೆಲ್ಲದ ನೀರು. 100 ಘನ ಮೀಟರಿನ ಘಟಕದಲ್ಲಿ ಲೀಟರಿಗೆ 10 ಮಿಲಿಗ್ರಾಂ ಹೆಚ್ಚುವರಿ ನೈಟ್ರೇಟ್ ತೆಗೆಯಲು ದಿನಕ್ಕೆ ಸುಮಾರು 6 ಕೆಜಿ ಬೆಲ್ಲ ಬೇಕಾಗುತ್ತದೆ. ಅದನ್ನು ಅನಾಕ್ಸಿಕ್ ತೊಟ್ಟಿಗೆ ಹನಿಹನಿಯಾಗಿ ದಿನವಿಡೀ ಬಿಡಬೇಕು. ಬೆಳಿಗ್ಗೆ ಒಂದು ಉಂಡೆಯನ್ನು ಗಾಳಿಯ ತೊಟ್ಟಿಗೆ ಎಸೆದರೆ ಆಮ್ಲಜನಕವಷ್ಟೇ ಖರ್ಚಾಗುತ್ತದೆ.

ಕ್ಲ್ಯಾರಿಫೈಯರಿನಲ್ಲಿ ಸ್ಲಜ್ ಗಂಟುಗಂಟಾಗಿ ತೇಲುವುದೂ ಇದೇ ದೋಷದ ಗುರುತು. ಉಳಿದ ನೈಟ್ರೇಟ್ ಅಲ್ಲಿ ತಂಗಿದ ಸ್ಲಜ್ಜಿನೊಳಗೇ ಅನಿಲವಾಗಿ, ಗುಳ್ಳೆಗಳು ಗಂಟನ್ನು ಎತ್ತುತ್ತವೆ. ಅಳತೆಯ ಜಾರಿನಲ್ಲಿ ಅರ್ಧ ಗಂಟೆಗೆ ಚೆನ್ನಾಗಿ ತಂಗಿದ ಸ್ಲಜ್ ಎರಡು ಗಂಟೆಯೊಳಗೆ ಮೇಲೇರಿ, ಕಡ್ಡಿಯಿಂದ ತಟ್ಟಿದಾಗ ಗುಳ್ಳೆ ಬಿಟ್ಟು ಮತ್ತೆ ಮುಳುಗಿದರೆ ಅನುಮಾನ ಬೇಡ. ಸ್ಲಜ್ಜನ್ನು ಬೇಗ ಹಿಂದಕ್ಕೆ ಎಳೆಯುವುದು ತಾತ್ಕಾಲಿಕ ಉಪಾಯ. ಹೊರಬಿಡುವ ನೀರಿಗೆ ಕ್ಲೋರಿನ್ ಎಷ್ಟು ಹಾಕಿದರೂ ಉಳಿಕೆ ಕಾಣದಿದ್ದರೆ ನೈಟ್ರೈಟ್ ಅಳೆಯಬೇಕು, ಏಕೆಂದರೆ 1 ಮಿಲಿಗ್ರಾಂ ನೈಟ್ರೈಟ್ ಸಾರಜನಕ 5 ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ.

ಸರಿಪಡಿಸುವಾಗ

ಕ್ಷಾರತೆಯಲ್ಲಿ ಲೀಟರಿಗೆ 70 ಮಿಲಿಗ್ರಾಂ ಕೊರತೆ ಇದ್ದರೆ 100 ಘನ ಮೀಟರ್ ನೀರಿಗೆ ದಿನಕ್ಕೆ ಸುಮಾರು 12 ಕೆಜಿ ಸೋಡಿಯಂ ಬೈಕಾರ್ಬೊನೇಟ್, ಅಥವಾ 7.5 ಕೆಜಿ ವಾಷಿಂಗ್ ಸೋಡಾದ ನಿರ್ಜಲ ರೂಪವಾದ ಸೋಡಾ ಬೂದಿ, ಅಥವಾ 5 ಕೆಜಿಗಿಂತ ತುಸು ಹೆಚ್ಚು ಅರಳಿದ ಸುಣ್ಣ ಬೇಕು. ಸುಣ್ಣ ಅಗ್ಗ, ಆದರೆ ಪಂಪು ಮತ್ತು ಡಿಫ್ಯೂಸರಿನಲ್ಲಿ ಪೊರೆ ಕಟ್ಟುತ್ತದೆ, ಕೈ ತಪ್ಪಿದರೆ ಪಿಎಚ್ 9 ದಾಟುತ್ತದೆ. ಸಣ್ಣ ಘಟಕಕ್ಕೆ ಬೈಕಾರ್ಬೊನೇಟೇ ಕ್ಷೇಮ. ಅನಾಕ್ಸಿಕ್ ತೊಟ್ಟಿ ಸರಿಯಾದ ಮೇಲೆ ಈ ಪ್ರಮಾಣವನ್ನು ಇಳಿಸುತ್ತ ಬರಬಹುದು, ಆದ್ದರಿಂದ ವರ್ಷದ ಗುತ್ತಿಗೆಗೆ ಚೀಲ ಖರೀದಿಸುವ ಮುನ್ನ ಮಿಕ್ಸರ್ ದುರಸ್ತಿ ಮಾಡಿಸಬೇಕು.

ಬ್ಯಾಕ್ಟೀರಿಯಾ ಜೀವಂತವಿದ್ದು ಕ್ಷಾರತೆ ಮಾತ್ರ ಕೊರತೆಯಾಗಿದ್ದರೆ ಕೆಲವೇ ದಿನಗಳಲ್ಲಿ ಅಮೋನಿಯಾ ಇಳಿಯುತ್ತದೆ. ಬ್ಯಾಕ್ಟೀರಿಯಾ ಕಳೆದುಹೋಗಿದ್ದರೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಚೆನ್ನಾಗಿ ನೈಟ್ರೀಕರಣ ನಡೆಯುತ್ತಿರುವ ಬೇರೆ ಘಟಕದಿಂದ ಒಂದು ಟ್ಯಾಂಕರ್ ಸ್ಲಜ್ ತಂದು ಹಾಕಿದರೆ ಅದಕ್ಕಿಂತ ಬೇಗ. ಡಬ್ಬಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಪುಡಿಗಿಂತ ಈ ಟ್ಯಾಂಕರಿನ ಮೇಲೆ ಹಣ ಹಾಕುವುದು ಮೇಲು. ಚೇತರಿಕೆಯ ನಡುವೆ ನೈಟ್ರೈಟ್ ಕೆಲವು ದಿನ ಏರಿ ಇಳಿಯುತ್ತದೆ, ಆಗ ಗಾಬರಿಯಾಗಿ ಮತ್ತೇನನ್ನೂ ಬದಲಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ನಂತರ ವಾರಕ್ಕೆ ಎರಡು ಸಲ ಅಮೋನಿಯಾ, ನೈಟ್ರೇಟ್, ಕ್ಷಾರತೆ ಮೂರನ್ನೂ ಅಳೆದು ಲಾಗ್ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದಿಟ್ಟರೆ, ಮುಂದಿನ ಜೂನಿನಲ್ಲಿ ನೀರಿನ ಮೂಲ ಬದಲಾದಾಗ ಕ್ಷಾರತೆಯ ಕಾಲಂ ಅಮೋನಿಯಾಕ್ಕಿಂತ ಮೊದಲೇ ಇಳಿಯುವುದು ಕಾಣಿಸುತ್ತದೆ. ಸೋಡಾ ಹಾಕಲು ಶುರುಮಾಡಬೇಕಾದದ್ದು ಆಗ.